ಚೀಲ ಹೊತ್ತವನ ಬೆನ್ನ ಮೇಲೆ ಯಾರ ಹೆಸರು?

ಪತ್ರ: ಗಾಲ್ಫ್ ಆಟಗಾರ ರೋರಿ ಮೆಕಿಲ್ರಾಯ್ ಮಾಸ್ಟರ್ಸ್ ಟೂರ್ನಿ ಗೆದ್ದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ, ಸಂತೋಷ. ಆದರೆ ಅರ್ಧ ಲೇಖನ ಅವನ ಕ್ಯಾಡಿ ಹ್ಯಾರಿ ಡೈಮಂಡ್‌ಗೇ ಹೋಗಿದೆ. ಚೆಂಡು ಹೊಡೆದವನು ರೋರಿ. ಚೀಲ ಹೊರುವುದು ಕ್ಯಾಡಿಯ ಕೆಲಸ, ಅದಕ್ಕೆ ಅವನಿಗೆ ದುಡ್ಡು ಸಿಗುತ್ತದೆ. ಮೊದಲ ನಾಲ್ಕು ಮೇಜರ್‌ಗಳನ್ನು (ಗಾಲ್ಫ್‌ನ ದೊಡ್ಡ ಟೂರ್ನಿಗಳನ್ನು) ರೋರಿ ಬೇರೆ ಕ್ಯಾಡಿ ಜೊತೆ ಗೆದ್ದಿದ್ದಾನೆ. 2025ರ ಏಪ್ರಿಲ್ 14ರ ನಸುಕಿನಲ್ಲಿ, ತುಳುನಾಡಿನ ಹೊಸ ವರ್ಷದ ಬಿಸು ಕಣಿ ನೋಡುವ ಮೊದಲೇ, ನಾವು ಮೂವರು ಗೆಳೆಯರು ಆ ಕೊನೆಯ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ನೋಡಿದೆವು. ನಡುವೆ ಎರಡು ಸಲ ಚಹಾ ಬಂತು, ಒಮ್ಮೆ ಗೋಳಿಬಜೆ ಬಂತು, ಒಬ್ಬರೂ ಸೋಫಾ ಬಿಟ್ಟು ಏಳಲಿಲ್ಲ. ಅಂಥ ಆಟದ ಬಗ್ಗೆ ಬರೆಯುವಾಗ ಗೆದ್ದವನನ್ನು ಬಿಟ್ಟು ಚೀಲ ಹೊತ್ತವನನ್ನು ಹೊಗಳುವುದು ಯಾವ ನ್ಯಾಯ?
— ಓದುಗರೊಬ್ಬರು, ಮಣಿಪಾಲ

ಉತ್ತರ: ಮಣಿಪಾಲದಲ್ಲಿ ರಾತ್ರಿಯಿಡೀ ಕುಳಿತು ಗಾಲ್ಫ್ ನೋಡುವ ಮೂವರು ಇದ್ದಾರೆ ಅಂತ ತಿಳಿದು ಮೊದಲು ಖುಷಿಯಾಯಿತು. ಮಂಗಳೂರಿನ ಪಿಲಿಕುಳದಲ್ಲೇ ಗಾಲ್ಫ್ ಮೈದಾನ ಇದೆ. ಆದರೂ ನಮ್ಮ ಕಡೆ ಈ ಆಟದ ಮಾತೆತ್ತಿದರೆ 'ಅದೆಲ್ಲ ದುಡ್ಡಿದ್ದವರಿಗೆ ಮಾರಾಯ್ರೆ' ಅಂತ ಮಾತು ಮುಗಿಸುವವರೇ ಜಾಸ್ತಿ. ನೀವು ಹಾಗಲ್ಲ. ನಿಮಗೆ ಆಟ ಗೊತ್ತು, ಅದರ ಇತಿಹಾಸವೂ ಗೊತ್ತು. ಅದಕ್ಕೇ ಎರಡು ಸಾಲಿನ ಉತ್ತರ ಬರೆದು ಜಾರಿಕೊಳ್ಳಲು ಮನಸ್ಸಾಗಲಿಲ್ಲ.

ನಿಮ್ಮ ಮಾತು ಒಪ್ಪಿದೆ. ಚೆಂಡು ಹೊಡೆದವನು ರೋರಿಯೇ. 2011ರಲ್ಲಿ, ಮಾಸ್ಟರ್ಸ್ ನಡೆಯುವ ಇದೇ ಅಗಸ್ಟಾ ಮೈದಾನದಲ್ಲಿ ನಾಲ್ಕು ಸ್ಟ್ರೋಕ್ (ಹೊಡೆತ) ಮುಂದಿದ್ದವನು, ಕಡಿಮೆ ಹೊಡೆದವನೇ ಗೆಲ್ಲುವ ಈ ಆಟದಲ್ಲಿ ಕೊನೆಯ ದಿನ 80 ಹೊಡೆದು ನೆಲಕಚ್ಚಿದ. 2014ರ ನಂತರ ಈ ಗೆಲುವಿನವರೆಗೆ ಒಂದೂ ಮೇಜರ್ ಇರಲಿಲ್ಲ. ಈ ಸಲವೂ 13ನೇ ಹೋಲ್‌ನಲ್ಲಿ ಒಂದು ಸುಲಭದ ವೆಜ್ ಹೊಡೆತವನ್ನು ಸೀದಾ ತೋಡಿಗೆ ಹಾಕಿದ. ಅದೇ ಮನುಷ್ಯ 15ರಲ್ಲಿ ಸೆವೆನ್ ಐರನ್ ಹಿಡಿದು, ಚೆಂಡನ್ನು ಮರಗಳ ಬದಿಯಿಂದ ಬಳಸಿ, ನೀರು ದಾಟಿಸಿ ಧ್ವಜದ ಹತ್ತಿರ ಇಟ್ಟ. ಸರಾಜೆನ್, ಹೋಗನ್, ಪ್ಲೇಯರ್, ನಿಕ್ಲಾಸ್, ವುಡ್ಸ್ ಬಿಟ್ಟರೆ ಆವರೆಗೆ ನಾಲ್ಕೂ ಬೇರೆ ಬೇರೆ ಮೇಜರ್ ಟೂರ್ನಿಗಳನ್ನು ಗೆದ್ದವನು ಇವನೊಬ್ಬನೇ. ಇದನ್ನೆಲ್ಲ ಹೊಗಳಲು ಇಡೀ ಲೋಕ ಇದೆ. ನಾನೂ ಅರ್ಧ ಲೇಖನ ಹೊಗಳಿದ್ದೇನೆ. ಉಳಿದ ಅರ್ಧದ ಮೇಲೆ ತಾನೇ ನಿಮ್ಮ ತಕರಾರು?

ಅಗಸ್ಟಾದಲ್ಲಿ ಕ್ಯಾಡಿಗಳು ಬಿಳಿ ಮೇಲಂಗಿ ಹಾಕುತ್ತಾರೆ. ಗ್ಯಾರೇಜಿನ ಹುಡುಗರು ಹಾಕುವ ಹಾಗೆ ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಬಟ್ಟೆ. ತಲೆಗೆ ಹಸಿರು ಟೋಪಿ. ಬೆನ್ನ ಮೇಲೆ ದಪ್ಪಕ್ಷರದಲ್ಲಿ ಒಂದು ಹೆಸರು ಇರುತ್ತದೆ, ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಯಾರ ಹೆಸರು? ಆಟಗಾರನದ್ದು. ಹ್ಯಾರಿ ಡೈಮಂಡ್ ಆ ಏರು ಇಳಿತದ ಮೈದಾನದಲ್ಲಿ ನಾಲ್ಕು ದಿನ ಮೆಕಿಲ್ರಾಯ್ ಹೆಸರು ಬೆನ್ನಿಗೆ, ಮೆಕಿಲ್ರಾಯ್ ಚೀಲ ಹೆಗಲಿಗೆ ಹಾಕಿಕೊಂಡು ನಡೆದ. ಅವನ ಹೆಸರು ನಮ್ಮ ಪುಟದಲ್ಲಾದರೂ ಇರಲಿ ಅಂತ ಬರೆದೆ, ಅಷ್ಟೇ.

ಮತ್ತೆ ಅವನು ಹೊತ್ತದ್ದು ಬರೀ ಚೀಲವಾ? ಕೊನೆಯ ದಿನ 18ರಲ್ಲಿ ಐದಡಿಯ ಪಟ್ ತಪ್ಪಿತಲ್ಲ, ನೆನಪು ಮಾಡಿಕೊಳ್ಳಿ. ಅದು ಕುಳಿಗೆ ಹೋಗಿದ್ದರೆ ರೋರಿ ಅಲ್ಲಿಗೇ ಗೆಲ್ಲುತ್ತಿದ್ದ. ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಮಬಲದಲ್ಲಿದ್ದ ಜಸ್ಟಿನ್ ರೋಸ್ ಜೊತೆ ಪ್ಲೇಆಫ್ ಆಡಲು ಮತ್ತೆ 18ರ ಟೀಗೆ (ಮೊದಲ ಹೊಡೆತ ಹೊಡೆಯುವ ಜಾಗಕ್ಕೆ) ಹೋಗಬೇಕು. ಗಾಡಿಯ ಕಡೆ ನಡೆಯುವಾಗ ಹ್ಯಾರಿ ಒಂದೇ ಮಾತು ಹೇಳಿದ: ಸೋಮವಾರ ಬೆಳಗ್ಗೆ ಯಾರಾದರೂ ಇಷ್ಟು ಕೊಡ್ತೇವೆ ಅಂದಿದ್ದರೆ ನಾವು ಒಪ್ಪಿಕೊಳ್ಳುತ್ತಿದ್ದೆವು, ಅಲ್ವಾ ಗೆಳೆಯಾ? ಇದನ್ನು ಗೆದ್ದ ಮೇಲೆ ರೋರಿಯೇ ಪತ್ರಕರ್ತರ ಮುಂದೆ ಹೇಳಿದ್ದು. ಆ ಮಾತಿನಿಂದ ತಲೆ ಮತ್ತೆ ಸರಿಯಾಯಿತು ಅಂದ. ಸ್ವಲ್ಪ ಹೊತ್ತಿನಲ್ಲಿ ಚೆಂಡು ಧ್ವಜದ ಬುಡದಲ್ಲಿತ್ತು. ಆ ಒಂದು ಮಾತಿಗೆ ಸಂಬಳದ ಯಾವ ಕಾಲಂನಲ್ಲಿ ಲೆಕ್ಕ ಬರೆಯುತ್ತೀರಿ?

ಇಬ್ಬರದ್ದೂ ಬಾಲ್ಯದ ಗೆಳೆತನ. ಉತ್ತರ ಐರ್ಲೆಂಡಿನ ಹಾಲಿವುಡ್ ಎಂಬ ಊರಿನ ಗಾಲ್ಫ್ ಕ್ಲಬ್‌ನಲ್ಲಿ ರೋರಿಗೆ ಏಳು ವರ್ಷ ಇದ್ದಾಗ ಶುರುವಾದದ್ದು. ಹ್ಯಾರಿ ಅಣ್ಣನ ಹಾಗೆ, ಈ ಗೆಲುವು ನನ್ನದೆಷ್ಟೋ ಅವನದ್ದೂ ಅಷ್ಟೇ ಅಂತ ರೋರಿ ಹೇಳಿದ. ಗೆದ್ದವನೇ ಪಾಲು ಕೊಟ್ಟಿದ್ದಾನೆ. ಮಣಿಪಾಲದಲ್ಲಿ ಕುಳಿತು ನೀವು ಯಾಕೆ ಕಿತ್ತುಕೊಳ್ಳುತ್ತೀರಿ?

ಹ್ಯಾರಿಗೆ ಹೆಸರು ಸಿಕ್ಕಿಯೇ ಇರಲಿಲ್ಲ ಅಂತಲ್ಲ. 2024ರ ಜೂನ್‌ನಲ್ಲಿ ಪೈನ್‌ಹರ್ಸ್ಟ್‌ನ ಯುಎಸ್ ಓಪನ್‌ನಲ್ಲಿ ರೋರಿ ಕೊನೆಕೊನೆಯ ಹೋಲ್‌ಗಳಲ್ಲಿ ಗೇಣುದ್ದದ ಪಟ್‌ಗಳನ್ನು ತಪ್ಪಿಸಿ ಒಂದು ಸ್ಟ್ರೋಕ್‌ನಿಂದ ಸೋತ. ಆಗ ಟಿವಿ ಪಂಡಿತರಿಗೆ ಹ್ಯಾರಿಯ ಹೆಸರು ಚೆನ್ನಾಗಿ ನೆನಪಾಯಿತು. ಗೆಳೆಯನನ್ನು ಕ್ಯಾಡಿ ಮಾಡಿಕೊಂಡರೆ ಹೀಗೇ ಆಗುವುದು ಅಂದರು. ಸೋತಾಗ ಬೈಯುವವರು ನಾನು ಗೆದ್ದಾಗ ಹ್ಯಾರಿಯ ಬಗ್ಗೆ ಯಾಕೆ ಬಾಯಿ ಬಿಡುವುದಿಲ್ಲ ಅಂತ ರೋರಿಯೇ ಕೇಳಬೇಕಾಯಿತು. ನೀವು ಹೇಳುವ ಆ ಮೊದಲ ನಾಲ್ಕು ಮೇಜರ್‌ಗಳ ಕ್ಯಾಡಿ ಜೆ.ಪಿ. ಫಿಟ್ಜೆರಾಲ್ಡ್. ನಿಮ್ಮ ಪತ್ರದಲ್ಲಿ ಅವನೂ 'ಬೇರೆ ಕ್ಯಾಡಿ' ಅಷ್ಟೇ, ಗಮನಿಸಿದಿರಾ?

2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಎಂಬ ಆಟಗಾರ ಮೊದಲ ಹೋಲ್‌ನಲ್ಲೇ ಬರ್ಡಿ ಮಾಡಿ (ಲೆಕ್ಕಕ್ಕಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸಿ) ಖುಷಿಯಲ್ಲಿದ್ದ. ಎರಡನೇ ಟೀಯಲ್ಲಿ ಅವನ ಕ್ಯಾಡಿ ಮೈಲ್ಸ್ ಬರ್ನ್‌ಗೆ ಗೊತ್ತಾಯಿತು, ಚೀಲದಲ್ಲಿ ಎರಡು ಡ್ರೈವರ್ ಇವೆ. ಹದಿನಾಲ್ಕು ಕ್ಲಬ್ (ಚೆಂಡು ಹೊಡೆಯುವ ಕೋಲು) ಇರಬೇಕಾದಲ್ಲಿ ಹದಿನೈದು. ಕ್ಯಾಡಿಯ ತಪ್ಪಿಗೂ ದಂಡ ಆಟಗಾರನಿಗೇ ಬೀಳುವ ಆಟ ಇದು. ಎರಡು ಸ್ಟ್ರೋಕ್ ಹೋಯಿತು. ಗಾಲ್ಫ್ ನೋಡುವ ಯಾರನ್ನಾದರೂ ಕೇಳಿ, ಮೈಲ್ಸ್ ಬರ್ನ್ ಗೊತ್ತು. ಆ ಓಪನ್ ಗೆದ್ದ ಡೇವಿಡ್ ಡುವಾಲ್‌ನ ಚೀಲ ಯಾರು ಹೊತ್ತಿದ್ದರು ಅಂತ ಕೇಳಿ ನೋಡಿ.

ಅಗಸ್ಟಾದ ಹಳೇ ಕಥೆ ಇನ್ನೂ ಕಹಿ. 1982ರವರೆಗೆ ಮಾಸ್ಟರ್ಸ್ ಆಡುವವರು ಆ ಕ್ಲಬ್ಬಿನ ಕ್ಯಾಡಿಗಳನ್ನೇ ತೆಗೆದುಕೊಳ್ಳಬೇಕಿತ್ತು. ಅವರೆಲ್ಲ ಕಪ್ಪು ಜನ. ಯಾವ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಯಾವ ಕಡೆ ಇಳಿಯುತ್ತದೆ, ಚೆಂಡು ಎಲ್ಲಿ ತಿರುಗುತ್ತದೆ ಅಂತ ಅವರ ಕಾಲಿಗೇ ಗೊತ್ತಿತ್ತು. ಆದರೆ ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ. ಆ ಕ್ಯಾಡಿಗಳಲ್ಲಿ ಕಾರ್ಲ್ ಜಾಕ್ಸನ್ ಒಬ್ಬ. ಹದಿನಾಲ್ಕನೇ ವಯಸ್ಸಿಗೇ ಮಾಸ್ಟರ್ಸ್‌ನಲ್ಲಿ ಚೀಲ ಹೊತ್ತವನು. 1995ರಲ್ಲಿ ಅವನು ಚೀಲ ಹೊರುತ್ತಿದ್ದ ಬೆನ್ ಕ್ರೆನ್‌ಶಾನ ಆಟ ಪೂರಾ ಕೆಟ್ಟಿತ್ತು. ಚಿಕ್ಕಂದಿನಿಂದ ಕಲಿಸಿದ ಗುರು ಆ ವಾರವೇ ತೀರಿಕೊಂಡಿದ್ದರು. ಬುಧವಾರ ಟೆಕ್ಸಾಸ್‌ಗೆ ಹೋಗಿ ಗುರುವಿನ ಶವಕ್ಕೆ ಹೆಗಲು ಕೊಟ್ಟು ಬಂದ. ಅಭ್ಯಾಸದ ಹೊತ್ತಿನಲ್ಲಿ ಜಾಕ್ಸನ್ ಸುಮ್ನೆ ಎರಡು ಮಾತು ಹೇಳಿದ್ದ: ಚೆಂಡನ್ನು ಸ್ವಲ್ಪ ಹಿಂದೆ ಇಟ್ಟುಕೋ, ಭುಜ ಬಿಗಿಯಾಗಿ ತಿರುಗಿಸು. ಭಾನುವಾರ ಕ್ರೆನ್‌ಶಾ ಗೆದ್ದ. ಕೊನೆಯ ಪಟ್ ಹೋದದ್ದೇ ಸೊಂಟ ಬಗ್ಗಿಸಿ ಮುಖ ಮುಚ್ಚಿಕೊಂಡು ಅತ್ತ. ಹಿಂದಿನಿಂದ ಬಂದು ಹಿಡಿದುಕೊಂಡವನು ಜಾಕ್ಸನ್. ಆ ಫೋಟೋ ಹುಡುಕಿ ನೋಡಿ, ಅದರಲ್ಲಿ ಗೆದ್ದವನ ಮುಖವೇ ಕಾಣುವುದಿಲ್ಲ.

ನಮ್ಮ ಮೂಲದವನೇ ಒಬ್ಬ ಇದ್ದ, ಪಾಪ್ವಾ ಸೆವ್‌ಗೋಲಮ್. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕ್ಯಾಡಿಯಾಗಿ ಚೀಲ ಹೊರುತ್ತಾ ಆಟ ಕಲಿತವನು. 1963ರಲ್ಲಿ ನಟಾಲ್ ಓಪನ್ ಗೆದ್ದ. ವರ್ಣಭೇದದ ಆ ಕಾಲದಲ್ಲಿ ಭಾರತೀಯರಿಗೆ ಕ್ಲಬ್‌ಹೌಸ್ ಒಳಗೆ ಪ್ರವೇಶ ಇರಲಿಲ್ಲ. ಹೊರಗೆ, ಸುರಿಯುವ ಮಳೆಯಲ್ಲಿ ನಿಲ್ಲಿಸಿ ಟ್ರೋಫಿ ಕೊಟ್ಟರು.

ಇದೆಲ್ಲ ಪರದೇಶದ ಮಾತಾಯಿತು ಅನ್ನಬೇಡಿ. 2021ರ ಆಗಸ್ಟ್ 7ರ ಬೆಳಗ್ಗೆ ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಆಡುವಾಗ ಇಡೀ ದೇಶ ಒಂದೇ ದಿನದಲ್ಲಿ ಗಾಲ್ಫ್ ಕಲಿತಿತ್ತು. ಒಂದು ಸ್ಟ್ರೋಕ್‌ನಿಂದ ಕಂಚು ತಪ್ಪಿ ನಾಲ್ಕನೇ ಸ್ಥಾನ. ಜಪಾನಿನ ಆ ಸೆಕೆಯಲ್ಲಿ ಅವಳ ಚೀಲ ಹೊತ್ತವರು ಅವಳ ಅಮ್ಮ. ಅದಿತಿಗೆ ಸಿಕ್ಕಿದ ಚಪ್ಪಾಳೆಯಲ್ಲಿ ಅಮ್ಮನಿಗೆ ಒಂದು ಕಾಲು ಭಾಗವಾದರೂ ಹೋಯಿತಾ?

ಅಮ್ಮ ಅಂದಾಗ ನೆನಪಾಯಿತು. 'ನಡುವೆ ಎರಡು ಸಲ ಚಹಾ ಬಂತು, ಒಮ್ಮೆ ಗೋಳಿಬಜೆ ಬಂತು' ಅಂತ ಬರೆದಿದ್ದೀರಿ. ಹೇಗೆ ಬಂತು ಸ್ವಾಮಿ? ಬೆಳಗಿನ ಜಾವ ಗೋಳಿಬಜೆ ತಾನಾಗಿ ಎಣ್ಣೆಗೆ ಬಿದ್ದು ತಾನಾಗಿ ತಟ್ಟೆಗೆ ಬಂತಾ? ಮರುದಿನದ ಹಬ್ಬದ ಅಡುಗೆಗೆ ಏಳಬೇಕಾದವರು ಯಾರೋ ನಿಮಗಾಗಿ ರಾತ್ರಿಯೇ ಹಿಟ್ಟು ಕಲಸಿಟ್ಟಿರಬೇಕು. ನಿಮ್ಮ ಪತ್ರದಲ್ಲಿ ಜಸ್ಟಿನ್ ರೋಸ್ ಹೆಸರೂ ಇಲ್ಲ, ಅವರ ಹೆಸರೂ ಇಲ್ಲ. ಪ್ರೀತಿಯಿಂದಲೇ ಬೈಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲೆ ಅಲ್ಲ. ನಮ್ಮ ಊರುಗಳ ಸನ್ಮಾನ ಸಭೆಗಳ ಮೇಲೆ. ಉಡುಪಿ ಹತ್ತಿರದ ಒಂದು ಸಭೆಗೆ ಹೋಗಿದ್ದೆ. ರಾಜ್ಯಮಟ್ಟದ ಓಟದಲ್ಲಿ ಗೆದ್ದ ಹುಡುಗಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆ ತುಂಬ ಗಣ್ಯರು. ಅವಳ ಪಿ.ಟಿ. ಮಾಸ್ತರರು ಕೆಳಗೆ, ಮೆಟ್ಟಿಲ ಪಕ್ಕ ನಿಂತಿದ್ದರು. ಒಂದು ಕೈಯಲ್ಲಿ ಅವಳ ಬ್ಯಾಗು, ಇನ್ನೊಂದರಲ್ಲಿ ಲೇಸ್ ಕಟ್ಟಿ ಜೋತುಬಿಟ್ಟ ಸ್ಪೈಕ್ಸ್. ಹುಡುಗಿ ಎರಡು ಸಲ ಅವರ ಕಡೆ ಕೈ ಮಾಡಿದಳು. ನಿರೂಪಕರು ಕಾರ್ಯಕ್ರಮ ತಡವಾಗ್ತಾ ಇದೆ ಅಂದರು. ಮರುದಿನ ಪತ್ರಿಕೆಯಲ್ಲಿ ಪಟ ಬಂತು. ಅದರ ಎಡಗಡೆ ಅಂಚಿನಲ್ಲಿ ಒಂದು ಮೊಣಕೈ ಇತ್ತು, ಅದು ಮಾಸ್ತರರದ್ದು. ಪ್ರಾಯೋಜಕರ ಹೆಸರು ಮಾತ್ರ ಒಂದೂ ಬಿಟ್ಟಿರಲಿಲ್ಲ.

ಕುಂದಾಪುರದ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ತಂದರಲ್ಲ, ಅವರು ಮೊದಲು ಕುಸ್ತಿಯ ಕಡೆ ಹೊರಟಿದ್ದವರು. ಭಾರ ಎತ್ತು ಅಂತ ದಾರಿ ತಿರುಗಿಸಿದವರು ಉಜಿರೆಯ ಕಾಲೇಜಿನ ತರಬೇತುದಾರರು. ಊರಿನ ಅಭಿನಂದನಾ ಫ್ಲೆಕ್ಸ್‌ಗಳಲ್ಲಿ ಯಾವ ಯಾವ ಮುಖ ಇದ್ದವು ಅಂತ ನಾನು ಹೇಳಬೇಕಾಗಿಲ್ಲ. ಫ್ಲೆಕ್ಸ್ ಹಾಕಿಸಿದವರ ಮುಖವೇ ಗೆದ್ದವರಿಗಿಂತ ದೊಡ್ಡದಿರುವ ಊರು ನಮ್ಮದು.

ಈ ವಿಷಯದಲ್ಲಿ ಕಂಬಳದವರೇ ವಾಸಿ. ಫಲಿತಾಂಶದ ಪಟ್ಟಿಯಲ್ಲಿ ಕೋಣದ ಯಜಮಾನರ ಹೆಸರಿನ ಕೆಳಗೆ 'ಓಡಿಸಿದವರು' ಅಂತ ಇನ್ನೊಂದು ಹೆಸರು ಬರುತ್ತದೆ. ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ನಿಂತು ಓಡಿಸುವ ವಿಭಾಗಗಳಲ್ಲಿ 'ಹಲಗೆ ಮೆಟ್ಟಿದವರು' ಅಂತ ಬರುತ್ತದೆ. ಹಳ್ಳಿಯ ಆಟಕ್ಕೆ ತಿಳಿದ ಈ ಮರ್ಯಾದೆ ಮಾಸ್ಟರ್ಸ್ ಗೆದ್ದವನಿಗೆ ಹಸಿರು ಕೋಟು ತೊಡಿಸುವ ಆಟಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ. ಕಂಬಳದಲ್ಲೂ ಬಿಟ್ಟುಹೋದವರು ಇದ್ದಾರೆ, ಅದು ಬೇರೆ ಮಾತು. ವರ್ಷವಿಡೀ ಕೋಣಗಳಿಗೆ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ, ಮೈ ತೊಳೆಸಿದವರು ಯಾವ ಪಟ್ಟಿಯಲ್ಲೂ ಇಲ್ಲ.

ಚಳಿಗಾಲಕ್ಕೆ ಕಂಬಳ ಶುರುವಾಗುತ್ತದೆ. ನೀವು ಮೂವರೂ ಬನ್ನಿ, ಗೋಳಿಬಜೆ ಮಾಡಿದವರನ್ನೂ ಕರೆದುಕೊಂಡು ಬನ್ನಿ. ಓಟ ಮುಗಿಯುವ ಮಂಜೊಟ್ಟಿಯ ಕಡೆ ಗೆದ್ದವರನ್ನು ನೋಡಲು ನೂಕುನುಗ್ಗಲು ಇರುತ್ತದೆ. ನಾವು ಓಟ ಶುರುವಾಗುವ ಗಂತಿನ ಹತ್ತಿರ ನಿಲ್ಲೋಣ. ಕೋಣ ಹಿಡಿದು ಬಿಡುವವರ ಹೆಸರು ಕೇಳಿ ಬರೆದುಕೊಳ್ಳುವ ಕೆಲಸ ನಿಮ್ಮದು, ಅಚ್ಚು ಹಾಕುವುದು ನನ್ನದು.