ಪಿಯುಸಿ ದಾಟಿದವರ ಪ್ರಶ್ನೆಗಳು

*ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ, ವಿಟಿಯು ಕಾಲೇಜು. ತರಗತಿ ಶುರುವಾಗಲು ತಿಂಗಳಿದೆ. ಸಿ ಭಾಷೆಯ ಕೋರ್ಸಿಗೆ ಸೇರು ಅಂತ ಒಬ್ಬರು, ಸ್ಪೋಕನ್ ಇಂಗ್ಲಿಷಿಗೆ ಹೋಗು ಅಂತ ಇನ್ನೊಬ್ಬರು. ಯಾವುದು ಸರಿ?*
– ವಿದ್ಯಾರ್ಥಿ, ರಾಣೆಬೆನ್ನೂರು

ಎರಡಕ್ಕೂ ದುಡ್ಡು ಸುರಿಯಬೇಡಿ. ಪ್ರೋಗ್ರಾಮಿಂಗನ್ನು ಕಾಲೇಜಿನಲ್ಲಿ ಅ ಆ ಇ ಈಯಿಂದಲೇ ಹೇಳಿಕೊಡುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಕಾಲು ಜಾರುವುದು ಗಣಿತದಲ್ಲಿ. ವಿಟಿಯು 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ನಿಮ್ಮ ಶಾಖೆಯ ಮೊದಲ ಗಣಿತ ಪತ್ರಿಕೆಯಲ್ಲಿ ಪೋಲಾರ್ ಕರ್ವ್, ಸರಣಿ ವಿಸ್ತರಣೆ, ಪಾರ್ಷಿಯಲ್ ಡಿಫರೆನ್ಸಿಯೇಶನ್, ಮೊದಲ ದರ್ಜೆಯ ಡಿಫರೆನ್ಷಿಯಲ್ ಸಮೀಕರಣ, ಮಾಡ್ಯುಲರ್ ಅರಿತ್‌ಮೆಟಿಕ್, ಲೀನಿಯರ್ ಆಲ್ಜೀಬ್ರಾ ಇದ್ದವು. ಇವುಗಳಲ್ಲಿ ಬಹುಪಾಲಿಗೆ ಬುನಾದಿ ದ್ವಿತೀಯ ಪಿಯು ಪುಸ್ತಕದಲ್ಲೇ ಇದೆ. ಸಿಇಟಿಗಾಗಿ ಆಪ್ಷನ್ ಹಾಕಿ ನೋಡಿ ಉತ್ತರ ಹುಡುಕುವ ಅಭ್ಯಾಸ ಬೆಳೆದಿರುತ್ತದೆ. ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಹಂತ ಹಂತವಾಗಿ ಬರೆದರೇ ಅಂಕ. ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಸೂತ್ರಗಳು, ತ್ರಿಕೋನಮಿತಿಯ ಸೂತ್ರಗಳು, ಡಿಟರ್ಮಿನೆಂಟ್ ಇಷ್ಟನ್ನು ಪುಸ್ತಕ ನೋಡದೆ ಬರೆಯುವಂತಾಗಲಿ. ದಿನಕ್ಕೆ ಒಂದೂವರೆ ಗಂಟೆ ಕೂತರೆ ತಿಂಗಳು ಧಾರಾಳ.

ಎರಡನೆಯದಾಗಿ ಪಾಸಾಗುವ ಲೆಕ್ಕ. ಪಿಯುಸಿಯಲ್ಲಿ ಮಾರ್ಚಿನವರೆಗೂ ತಳ್ಳಿಕೊಂಡು ಬಂದು ಕೊನೆಗೆ ಓದಿ ಗೆಲ್ಲಬಹುದಿತ್ತು. ಇಲ್ಲಿ ಪ್ರತಿ ವಿಷಯದ 100ರಲ್ಲಿ 50 ಅಂಕ ಕಾಲೇಜಿನೊಳಗಿನ ಟೆಸ್ಟ್, ಅಸೈನ್‌ಮೆಂಟುಗಳದ್ದು. ಈ ಇಂಟರ್ನಲ್ಸಿನಲ್ಲಿ 20 ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ, ಅದರಲ್ಲಿ ಕನಿಷ್ಠ 18 ಬೇಕು. ಹಾಗಂತ 20 ಮತ್ತು 18 ತಂದರೆ ಸಾಕು ಎಂದುಕೊಳ್ಳಬೇಡಿ: ಎರಡೂ ಸೇರಿ 40 ಆಗಬೇಕು, 38ಕ್ಕೆ ಫೇಲು. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್. ಪ್ರತಿಯೊಂದರಿಂದ ಎರಡರಲ್ಲಿ ಒಂದು ಪೂರ್ಣ ಪ್ರಶ್ನೆಗೆ, 20 ಅಂಕಕ್ಕೆ, ಉತ್ತರಿಸಬೇಕು. ಒಂದು ಮಾಡ್ಯೂಲ್ ಕೈಬಿಟ್ಟರೆ 20 ಅಂಕ ಹೋದಂತೆಯೇ, ಇನ್ನೊಂದರಲ್ಲಿ ಹೆಚ್ಚು ಬರೆದು ಅದನ್ನು ತುಂಬಿಸಲಾಗದು. ಹಾಜರಾತಿ ಪ್ರತಿ ವಿಷಯಕ್ಕೂ ಶೇ 85. ಅಂದರೆ 40 ತರಗತಿ ನಡೆದರೆ ತಪ್ಪಿಸಬಹುದಾದ್ದು ಆರು. ತಡವಾಗಿ ಸೀಟು ಸಿಕ್ಕಿ ಎರಡು ವಾರ ಬಿಟ್ಟು ಸೇರುವವರು, ಹಬ್ಬಕ್ಕೆ ಊರಿಗೆ ಹೋಗಿ ವಾರ ಕಳೆಯುವವರು ಶಾರ್ಟೇಜಿಗೆ ಸಿಕ್ಕಿಬೀಳುವುದು ಹೀಗೇ. (ಸ್ವಾಯತ್ತ ಕಾಲೇಜುಗಳಿಗೆ ಅವರದೇ ನಿಯಮಗಳಿರುತ್ತವೆ, ಸೇರಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.)

ಇಂಗ್ಲಿಷಿನ ಬಗ್ಗೆ: ಪಿಯು ಸೈನ್ಸ್ ಓದಿದವರಿಗೆ ಪಾರಿಭಾಷಿಕ ಪದಗಳು ಆಗಲೇ ಗೊತ್ತು. ತೊಡಕಾಗುವುದು ಪಾಠದ ವೇಗ. ನಾಳಿನ ಪಾಠದ ಎರಡು ಪುಟ ಹಿಂದಿನ ರಾತ್ರಿ ಓದಿ, ತಿಳಿಯದ ಹತ್ತು ಪದ ಗುರುತು ಹಾಕಿಕೊಂಡು ಹೋಗಿ. ನೋಟ್ಸಿನಲ್ಲಿ ವಿವರಣೆ ಕನ್ನಡದಲ್ಲೇ ಇರಲಿ, ವ್ಯಾಖ್ಯೆ ಮತ್ತು ಸಾಧನೆಯ (ಡೆರಿವೇಶನ್) ಹಂತಗಳು ಮಾತ್ರ ಇಂಗ್ಲಿಷಿನಲ್ಲಿ. ಪರೀಕ್ಷೆಯಲ್ಲಿ ಬರೆಯಬೇಕಾದ್ದು ಅವನ್ನೇ. ಸಂದೇಹವನ್ನು ಕನ್ನಡದಲ್ಲಿ ಕೇಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ಕೇಳದೇ ಸುಮ್ಮನೆ ಕೂತರೆ ಅಂಕ ಹೋಗುತ್ತದೆ.

*ಮಗಳನ್ನು ಬೆಂಗಳೂರಿಗೆ ಸೇರಿಸಲು ಹೊರಟಿದ್ದೇವೆ. ಎಲ್ಲ ಒರಿಜಿನಲ್ ದಾಖಲೆ ಕಾಲೇಜಿಗೆ ಕೊಟ್ಟುಬಿಡಬೇಕೇ? ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಬೇರೆ ತರಹ ಇದೆ, ತೊಂದರೆಯಾಗುತ್ತದೆಯೇ?*
– ಪೋಷಕರು, ಸಿಂಧನೂರು

ಟಿಸಿ ಕಾಲೇಜಿನಲ್ಲೇ ಉಳಿಯುತ್ತದೆ. ಉಳಿದವನ್ನು ಪರಿಶೀಲಿಸಿ ಹಿಂತಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಆದರೂ ಕೇಳುವ ಕಾಲೇಜುಗಳಿವೆ. ಕೊಡಲೇಬೇಕಾಗಿ ಬಂದರೆ ಯಾವ ಯಾವ ದಾಖಲೆ ಎಂದು ಬರೆಸಿ, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಹೊರಡುವ ಮುನ್ನ ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣಪತ್ರ, ಜಾತಿ ಆದಾಯ ಪತ್ರ, ಗ್ರಾಮೀಣ, ಕನ್ನಡ ಮಾಧ್ಯಮ ಅಥವಾ 371(ಜೆ) (ಕಲ್ಯಾಣ ಕರ್ನಾಟಕ ಮೀಸಲಾತಿ) ಪತ್ರ, ಸಿಇಟಿ ಪ್ರವೇಶ ಆದೇಶ ಇವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇ-ಮೇಲ್‌ನಲ್ಲಿಟ್ಟು, ಐದೈದು ಜೆರಾಕ್ಸ್ ಮಾಡಿಸಿ. ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆಯನ್ನು (ಪತ್ರದ ಮೇಲಿರುವ ಅದರ ಸಂಖ್ಯೆ) ಬೇರೆಯಾಗಿಯೂ ಬರೆದಿಡಿ, ಪ್ರತಿ ಅರ್ಜಿಯಲ್ಲೂ ಕೇಳುತ್ತಾರೆ. ಆದಾಯ ಪತ್ರದ ಅವಧಿ ಐದು ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದಾದರೆ ಮುಗಿದಿರಬಹುದು.

ಹೆಸರಿನ ವ್ಯತ್ಯಾಸ ಈಗಲೇ ಸರಿಪಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರಿಗೆ ಆಧಾರ್ ಹೊಂದಬೇಕು. ಇದನ್ನು ತಿರುಗುಮುರುಗು ಮಾಡಿ, ಅಂಕಪಟ್ಟಿ ತಿದ್ದಿಸಲು ಬೋರ್ಡಿಗೆ ಅಲೆಯುವವರಿದ್ದಾರೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗುವ ಅವಕಾಶ ಎರಡೇ ಸಲ, ಹಾಗಾಗಿ ಅಂಕಪಟ್ಟಿ ಮುಂದಿಟ್ಟುಕೊಂಡು ಅಕ್ಷರ, ಇನಿಷಿಯಲ್, ನಡುವಿನ ಜಾಗ ಎಲ್ಲವನ್ನೂ ಹೊಂದಿಸಿ ನೋಡಿ.

*ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಅಣ್ಣನಿಗೆ ಕಳೆದ ವರ್ಷ ತೋರಿಸಿತು, ಹಣ ಬರಲಿಲ್ಲ. ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆ ಅನ್ನುತ್ತಾರೆ. ನನ್ನ ಅರ್ಜಿಗೂ ಹೀಗೇ ಆದರೆ?*
– ಬಿ.ಕಾಂ. ಸೇರುತ್ತಿರುವವರು, ಹಿರಿಯೂರು

ಖಾತೆಗೆ ಆಧಾರ್ ಲಿಂಕ್ ಆಗುವುದು ಬೇರೆ, ಎನ್‌ಪಿಸಿಐನಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪ್ ಆಗುವುದು, ಅಂದರೆ ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಎಂದು ದಾಖಲಾಗುವುದು, ಬೇರೆ. ಮೊದಲನೆಯದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ. ಸರ್ಕಾರದ ಹಣ ಬರುವುದು ಎರಡನೆಯದರ ದಾರಿಯಲ್ಲಿ, ಕೊನೆಯದಾಗಿ ಯಾವ ಬ್ಯಾಂಕ್ ಮ್ಯಾಪ್ ಆಗಿದೆಯೋ ಅಲ್ಲಿಗೆ. ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ ಕೂತಿರುವುದುಂಟು. ನಿಮ್ಮಣ್ಣ ಮೊದಲು ಅದನ್ನೇ ಹುಡುಕಲಿ. ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ (ಮ್ಯಾಪಿಂಗ್) ಸ್ಟೇಟಸ್ ನೋಡಿದರೆ ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಎರಡೂ ಕಾಣುತ್ತವೆ. ಬೇರೆ ಬ್ಯಾಂಕ್ ಇದ್ದರೆ ನಿಮ್ಮ ಶಾಖೆಗೆ ಹೋಗಿ ‘ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರಲು) ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಎಂದು ಲಿಖಿತ ಅರ್ಜಿ ಕೊಡಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಬಹಳ ದಿನ ವಹಿವಾಟಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೂ ಹಣ ವಾಪಸಾಗುತ್ತದೆ. ಇನ್ನೊಂದು ಮಾತು: ಮುಂದಿನ ವರ್ಷ ತಾನಾಗಿ ಬರುವುದಿಲ್ಲ, ವರ್ಷವರ್ಷವೂ ಅರ್ಜಿ ಹಾಕಬೇಕು.

*ಹಾಸ್ಟೆಲ್ ಸಿಗದಿದ್ದರೆ ಪಿಜಿ ನೋಡುವಾಗ ಏನು ಕೇಳಬೇಕು?*
– ಓದುಗರು, ಶಿರಸಿ

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಅರ್ಜಿಯನ್ನು ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕಿಯೇ ಪಿಜಿ ಹುಡುಕಿ. ಪಿಜಿಯಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದ್ದು ಅಡ್ವಾನ್ಸಿನಲ್ಲಿ ಬಿಡುವಾಗ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು, ಸೆಮಿಸ್ಟರ್ ರಜೆಯಲ್ಲೂ ಪೂರ್ತಿ ದುಡ್ಡೇ, ವಾರದ ದಿನಗಳಲ್ಲಿ ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಡುತ್ತಾರೆಯೇ ಎಂಬುದನ್ನು. ಬಾಯಿಮಾತು ಬೇಡ, ರಸೀದಿಯ ಮೇಲೆ ಬರೆಸಿ. ರಾತ್ರಿ ಎಂಟಕ್ಕೆ ಹೋಗಿ ನೋಡಿ. ನೀರು, ಊಟ, ಗಲಾಟೆ ಮೂರೂ ಆಗಲೇ ಗೊತ್ತಾಗುವುದು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲವಾದ್ದರಿಂದ ಕಾಲೇಜಿನ ಗೇಟಿನ ಪಕ್ಕದ ದುಬಾರಿ ಪಿಜಿಯೇ ಬೇಕೆಂದಿಲ್ಲ. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬಹುದು.

*ರ‍್ಯಾಗಿಂಗ್ ಭಯ. ದೂರು ಕೊಟ್ಟರೆ ಹೆಸರು ಹೊರಬೀಳುವುದಿಲ್ಲವೇ?*
– ವಿದ್ಯಾರ್ಥಿನಿ, ಕೊಪ್ಪಳ

1800-180-5522 ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ, ಹಗಲು ರಾತ್ರಿ ನಡೆಯುತ್ತದೆ, ಹೆಸರು ಗುಟ್ಟಾಗಿಡಿ ಎಂದು ಕೇಳಬಹುದು. ದಿನ, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ, ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ. ಆ ವಿವರಗಳಿಲ್ಲದ ದೂರು ಮುಂದೆ ಸಾಗುವುದು ಕಷ್ಟ.