ಒಂದೊಂದೇ ಅಂಶವನ್ನು ಜರಡಿ ಹಿಡಿಯಬೇಡಿ

ಪ್ರಶ್ನೆ: 600 ರೋಗಿಗಳ ಡೇಟಾ ಇದೆ, 45 ಮಂದಿ ತೀರಿಕೊಂಡಿದ್ದಾರೆ. ಸಾವಿನ ಅಪಾಯ ಹೇಳುವ ಮಾಡೆಲ್ ಕಟ್ಟಬೇಕು. ವಯಸ್ಸಿನಂಥ 40 ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪಿ-ಮೌಲ್ಯ (ನಿಜವಾದ ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದವನ್ನು ಮಾತ್ರ ಸೇರಿಸಲಾ?

ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಜೊತೆಗೆ "ಹಿಂದಿನ ಥೀಸಿಸ್‌ನಲ್ಲೂ ಹೀಗೇ ಮಾಡಿದ್ದರು" ಅನ್ನುವ ಸಮರ್ಥನೆ ಬೇರೆ.

ಒಂಟಿಯಾಗಿ ನೋಡಿದರೆ ಅಂಶಗಳು ದಾರಿ ತಪ್ಪಿಸುತ್ತವೆ. ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ 1,314 ಹೆಂಗಸರನ್ನು 20 ವರ್ಷದ ನಂತರ ಮತ್ತೆ ನೋಡಿದರು. ಸಿಗರೇಟು ಸೇದುತ್ತಿದ್ದವರಲ್ಲಿ ಶೇ 24, ಸೇದದವರಲ್ಲಿ ಶೇ 31 ಮಂದಿ ತೀರಿಕೊಂಡಿದ್ದರು. ಸಿಗರೇಟು ಕಾಪಾಡಿತಾ? ಇಲ್ಲ. ವಯಸ್ಸಾದವರಲ್ಲಿ ಸೇದುವವರು ಕಡಿಮೆ ಇದ್ದರು. ವಯಸ್ಸನ್ನೂ ಜೊತೆಗಿಟ್ಟಾಗ ಲೆಕ್ಕ ತಿರುಗಿತು. ಹೀಗೆಯೇ, ಒಂಟಿಯಾಗಿ ಸಪ್ಪೆ ಕಾಣುವ ಅಂಶ ಬೇರೆಯವುಗಳ ಜೊತೆ ಗಟ್ಟಿಯಾಗಬಹುದು. ನಿಮ್ಮ ಜರಡಿ ಅದನ್ನು ಮೊದಲೇ ಚೆಲ್ಲಿಬಿಟ್ಟಿರುತ್ತದೆ. 40 ಅಂಶಗಳೂ ಪೊಳ್ಳಾಗಿದ್ದರೂ ಸರಾಸರಿ ಎರಡು ಸುಮ್ನೆ ಒಳಗೆ ನುಸುಳುತ್ತವೆ.

ಡೇಟಾ ತೆರೆಯುವ ಮೊದಲೇ ಪಟ್ಟಿ ಮಾಡಿ. ಹಿಂದಿನ ಅಧ್ಯಯನ ಓದಿ, ಆ ರೋಗ ನೋಡುವ ವೈದ್ಯರ ಜೊತೆ ಕೂತು ಮಾತಾಡಿ. ನಿರ್ಧಾರ ಮಾಡುವ ಹೊತ್ತಿಗೆ ಈ ಅಂಶ ಕೈಯಲ್ಲಿರುತ್ತದಾ ಎಂದು ಪ್ರತಿಯೊಂದಕ್ಕೂ ಕೇಳಿಕೊಳ್ಳಿ. ದಾಖಲಾದ ದಿನ ಅಪಾಯ ಹೇಳಬೇಕಾದ ಮಾಡೆಲ್‌ನಲ್ಲಿ ಮೂರನೇ ದಿನದ ವೆಂಟಿಲೇಟರ್ ಬಳಕೆ ಸೇರಿದ್ದನ್ನು ನಾನೇ ಕಂಡಿದ್ದೇನೆ. ಅಂಥ ಮಾಡೆಲ್ ಯಾರಿಗೂ ಉಪಯೋಗವಿಲ್ಲ.

ಇನ್ನು ಲೆಕ್ಕಕ್ಕೆ ಬರುವುದು 600 ಅಲ್ಲ, 45. ಅಂಶಕ್ಕೆ ಹತ್ತು ಸಾವು ಅನ್ನುವ ಹಳೇ ಸೂತ್ರ ಹಿಡಿದರೂ ನಾಲ್ಕೇ ಅಂಶ. ಅದೂ ಒರಟು ಲೆಕ್ಕ. ಪರೀಕ್ಷಿಸಿ ಕೈಬಿಟ್ಟ ಅಂಶಗಳೂ ಇದರಲ್ಲಿ ಸೇರುತ್ತವೆ, ಇದನ್ನೇ ಎಲ್ಲರೂ ಮರೆಯುತ್ತಾರೆ. ನಾನಾದರೆ ಇಷ್ಟು ಕಡಿಮೆ ಸಾವುಗಳಿಂದ ಹೊಸ ಮಾಡೆಲ್ ಕಟ್ಟುವುದಿಲ್ಲ. ಈಗಾಗಲೇ ಇರುವ ಒಂದನ್ನು ಈ ರೋಗಿಗಳಿಗೆ ಹೊಂದಿಸಿ ನೋಡುತ್ತೇನೆ.

ಪ್ರಶ್ನೆ: ಆಯ್ಕೆಯನ್ನು ಸಾಫ್ಟ್‌ವೇರ್‌ನ ಸ್ಟೆಪ್‌ವೈಸ್ ವಿಧಾನಕ್ಕೆ (ಅಂಶಗಳನ್ನು ಹಂತಹಂತವಾಗಿ ತಾನೇ ಸೇರಿಸುತ್ತ, ತೆಗೆಯುತ್ತ ಹೋಗುವುದು) ಬಿಡಬಹುದಾ?

ಬೇಡ. ಕೆಲವು ರೋಗಿಗಳನ್ನು ತೆಗೆದು ಮತ್ತೆ ಓಡಿಸಿ, ಪಟ್ಟಿಯೇ ಬದಲಾಗಬಹುದು.

ಪ್ರಶ್ನೆ: ವಯಸ್ಸನ್ನು 60ರ ಮೇಲೆ, ಕೆಳಗೆ ಎಂದು ಒಡೆಯಲಾ?

59 ಮತ್ತು 61 ಬೇರೆ ಬೇರೆ, 61 ಮತ್ತು 90 ಒಂದೇ ಅಂತೀರಾ? ಇದ್ದ ಹಾಗೇ ಬಿಡಿ.

ಪ್ರಶ್ನೆ: ದುಡ್ಡು ಕೊಟ್ಟರೆ ಫಲಿತಾಂಶವನ್ನು "ಸಿಗ್ನಿಫಿಕೆಂಟ್" (ಪಿ-ಮೌಲ್ಯ 0.05ಕ್ಕಿಂತ ಕಡಿಮೆ) ಮಾಡಿಕೊಡುತ್ತಾರಂತೆ. ಕೊಡಲಾ?

ಖಂಡಿತ ಬೇಡ. ಅದು ಮೋಸ. ಆ ಸಂಖ್ಯೆ ನಂಬಿ ನಾಳೆ ಯಾರೋ ಚಿಕಿತ್ಸೆ ನಿರ್ಧರಿಸುತ್ತಾರೆ.

ಪ್ರಶ್ನೆ: ಲ್ಯಾಸೊ (ಅಂಶಗಳ ತೂಕ ಕುಗ್ಗಿಸಿ, ಕೆಲವನ್ನು ಸೊನ್ನೆ ಮಾಡಿ ಕೈಬಿಡುವ ವಿಧಾನ) ಬಳಸಿದರೆ ಎಲ್ಲ ಸರಿಹೋಗುತ್ತದಾ?

ಕಡಿಮೆ ಡೇಟಾದಲ್ಲಿ ಅದರ ಆಯ್ಕೆಯೂ ಅಲುಗಾಡುತ್ತದೆ. ಬಳಸಿದರೆ, ಬೂಟ್‌ಸ್ಟ್ರಾಪ್‌ನ (ಇದೇ ರೋಗಿಗಳಿಂದ ಮತ್ತೆ ಮತ್ತೆ ಮಾದರಿ ಎತ್ತಿ ಮಾಡೆಲ್ ಪರೀಕ್ಷಿಸುವುದು) ಪ್ರತಿ ಸುತ್ತಿನಲ್ಲೂ ಆಯ್ಕೆಯನ್ನು ಮೊದಲಿಂದ ಮಾಡಿಸಿ.