ಗಂಡ ಹೋದ ಮೇಲೆ ಮತ್ತೆ ಪ್ರೀತಿ: ಸಣ್ಣ ಊರಿನಲ್ಲಿ ಅದು ಹೇಗಿರುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಸಣ್ಣ ಊರಿಗೆ ಬಂದು ಮತ್ತೆ ಪ್ರೀತಿಸೋದನ್ನು ಕಲಿಯುವ ಕಾದಂಬರಿ ಬರೆಯುತ್ತಿದ್ದೀರಿ. ಇಂಗ್ಲಿಷಿನಲ್ಲಿ ಇಂಥವು ರಾಶಿ ರಾಶಿ ಇವೆ, ಕನ್ನಡದಲ್ಲಿ ಬರೆದರೆ ಜನ ನಂಬುತ್ತಾರಾ ಅಂತ ಕೇಳಿದ್ದೀರಿ.

ನಂಬುತ್ತಾರೆ. ಆದರೆ ನೀವು ಹಾಕಿರುವ ಕಥೆಯನ್ನು ನಂಬೋದು ಕಷ್ಟ. ನಿಮ್ಮ ನಾಯಕಿ ಬೆಂಗಳೂರು ಬಿಟ್ಟು ತನ್ನನ್ನು ಯಾರೂ ಅರಿಯದ ಊರಿಗೆ ಬಂದು ಬೇಕರಿ ಇಡುತ್ತಾಳೆ. ನಮ್ಮ ಕಡೆ ಅಂಥ ಊರು ಎಲ್ಲಿದೆ ಸ್ವಾಮಿ? ಬಾಡಿಗೆ ಮನೆ ನೋಡೋಕೆ ಹೋದ ದಿನವೇ "ಯಜಮಾನರು ಏನು ಮಾಡ್ತಾರೆ?" ಅಂತ ಕೇಳುತ್ತಾರೆ, ಮಾರನೇ ದಿನ ಹಾಲಿನವನಿಗೂ ಉತ್ತರ ಗೊತ್ತಿರುತ್ತದೆ. ನಮ್ಮಲ್ಲಿ ಎರಡನೇ ಪ್ರೀತಿ ಆಗೋದು ಅಪರಿಚಿತಳಿಗಲ್ಲ. ಅವಳ ಮದುವೆ ಊಟ ಉಂಡವರು, ಅವಳ ಗಂಡನ ಹೆಣಕ್ಕೆ ಹೆಗಲು ಕೊಟ್ಟವರು, ಅದೇ ಬೀದಿಯಲ್ಲಿ ಕೂತು ನೋಡುತ್ತಿರುವಾಗ ಆಗುತ್ತದೆ.

ಹೀಗೆ ಹೇಳೋಕೆ ಕಾರಣ ಇದೆ. ನಾನು ನಂಜನಗೂಡಿನವಳು. ಗಂಡ ಹೋಗಿ ಆರು ವರ್ಷ ಆಯಿತು. ಅತ್ತೆಯ ಜೊತೆ ಇದ್ದೇನೆ, ಮೈಸೂರಿನಲ್ಲಿ ಕೆಲಸ, ದಿನಾ ಚಾಮರಾಜನಗರ ಕಡೆಯಿಂದ ಬರುವ ರೈಲು ಹಿಡಿಯುತ್ತೇನೆ. 25 ಕಿಲೋಮೀಟರ್ ಹತ್ತಿರದ ದಾರಿ. ಕಡಕೊಳ ಬರುವಷ್ಟರಲ್ಲಿ ಸೀಟು ಸಿಕ್ಕರೆ ಪುಣ್ಯ.

ಓದುವವರಿಗೆ ಇಷ್ಟೊತ್ತಿಗೆ ಒಂದು ಪುಸ್ತಕ ನೆನಪಾಗಿರುತ್ತದೆ, ಅಲ್ವಾ? ಭೈರಪ್ಪನವರ 'ವಂಶವೃಕ್ಷ', 1965ರದ್ದು. ಅದರ ಕಾತ್ಯಾಯನಿಯೂ ನಂಜನಗೂಡಿನ ಸೊಸೆ. ಗಂಡ ಕಪಿಲೆಯಲ್ಲಿ ಮುಳುಗಿ ಸತ್ತಿರುತ್ತಾನೆ, ಅವಳು ಓದೋಕೆ ಮೈಸೂರಿಗೆ ಹೋಗುತ್ತಾಳೆ, ಅಲ್ಲಿ ರಾಜನನ್ನು ಇಷ್ಟಪಟ್ಟು ಮದುವೆಯಾಗುತ್ತಾಳೆ. ಅಲ್ಲಿಯವರೆಗೂ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ. ಆಮೇಲೆ ಮಗನನ್ನು ಮಾವನ ಮನೆಯಲ್ಲೇ ಬಿಡಬೇಕಾಗುತ್ತದೆ, ಬಸಿರು ಮತ್ತೆ ಮತ್ತೆ ಇಳಿದುಹೋಗುತ್ತದೆ, ಕೊನೆಗೆ ಸಾಯುತ್ತಾಳೆ. ದೊಡ್ಡ ಕಾದಂಬರಿ, ಒಪ್ಪುತ್ತೇನೆ, ಶ್ರೋತ್ರಿಗಳಂಥ ಮಾವನನ್ನು ಬರೆಯೋದು ಎಲ್ಲರ ಕೈಲೂ ಆಗುವ ಮಾತಲ್ಲ. ಆದರೂ ನನಗೆ ಅದರ ಮೇಲೆ ಸಿಟ್ಟಿದೆ. ದಿನಾ ಅದೇ ದಾರಿಯಲ್ಲಿ ಓಡಾಡುವವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ತಮಾಷೆ ಅಂದರೆ ಅದಕ್ಕೂ 66 ವರ್ಷ ಮುಂಚೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ' ಬರೆದಾಗ ಅವರ ವಿಧವೆ ಮರುಮದುವೆಯಾಗಿ ಬದುಕಿಯೇ ಉಳಿಯುತ್ತಾಳೆ. ಆದರೆ ಅಲ್ಲಿ ಪ್ರೀತಿಗಿಂತ ಸಮಾಜ ಸುಧಾರಣೆಯೇ ಜಾಸ್ತಿ. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಶಿಕ್ಷೆ. ಇವೆರಡರ ನಡುವೆ ನಿಮಗೆ ಬೇಕಾದಷ್ಟು ಜಾಗ ಇದೆ, ಧೈರ್ಯವಾಗಿ ಬರೆಯಿರಿ.

ಇನ್ನೊಂದು ಮಾತು. "ವಿಧವೆಗೆ ಮತ್ತೆ ಮದುವೆನಾ!" ಅಂತ ಇಡೀ ಊರು ಬಾಯಿ ಮೇಲೆ ಕೈ ಇಟ್ಟುಕೊಳ್ಳುವ ದೃಶ್ಯ ಬರೆಯುವ ಮುಂಚೆ ನಿಮ್ಮ ನಾಯಕಿ ಯಾವ ಮನೆಯವಳು ಅಂತ ಯೋಚಿಸಿ. ನಮ್ಮಜ್ಜಿ ಕೂಡಿಕೆ ಆದವರು, ಅಂದರೆ ಗಂಡ ಸತ್ತ ಮೇಲೆ ಇನ್ನೊಬ್ಬರನ್ನು ಕಟ್ಟಿಕೊಂಡವರು. ನಮ್ಮ ಕಡೆ ಕೂಡಿಕೆ, ಉತ್ತರ ಕರ್ನಾಟಕದ ಕಡೆ ಉಡಿಕೆ ಅಂತಾರೆ, ಎಷ್ಟೋ ಜಾತಿಗಳಲ್ಲಿ ಹಿಂದಿನಿಂದಲೂ ಇದ್ದದ್ದೇ. ಧಾರೆಯ ಗೌರವ ಅದಕ್ಕಿಲ್ಲ, ಅಜ್ಜಿಯನ್ನು ಮದುವೆ ಮನೆಯಲ್ಲಿ ಆರತಿ ಎತ್ತೋಕೆ ಯಾರೂ ಕರೆಯುತ್ತಿರಲಿಲ್ಲ. ಆದರೆ ಗದ್ದೆ ಇತ್ತು, ಮಕ್ಕಳಿದ್ದರು, ಬದುಕಿಗೆ ಇನ್ನೊಂದು ಕೈ ಬೇಕಿತ್ತು. "ಮತ್ತೆ ಪ್ರೀತಿಸೋಕೆ ಕಲಿತಿರಾ ಅಜ್ಜಿ?" ಅಂತ ಕೇಳಿದ್ದರೆ "ಎಮ್ಮೆ ಕರಿಯೋದು ಯಾರು, ನಿಮ್ಮಪ್ಪನಾ?" ಅಂತಿದ್ದರು.

ಈಗ ನನ್ನ ಕಥೆ. ರೈಲಿನಲ್ಲಿ ಒಬ್ಬರು ಬರುತ್ತಿದ್ದರು, ಅವರ ಹೆಂಡತಿಯೂ ತೀರಿಹೋಗಿದ್ದರು. ಮೊದಲ ಒಂದು ವರ್ಷ ನಾವು ಮಾತಾಡಿದ್ದು ಬರೀ ರೈಲು ಎಷ್ಟು ಲೇಟು ಅಂತ. ಒಂದು ಸಂಜೆ ಇಳಿದಾಗ ಜೋರು ಮಳೆ. ಅವರ ಸ್ಕೂಟರ್ ಸ್ಟೇಷನ್ ಹತ್ತಿರ ಇತ್ತು, ಬನ್ನಿ ಬಿಡ್ತೀನಿ ಅಂದರು. ನಾನು ಹತ್ತಲಿಲ್ಲ. ಸ್ಟೇಷನ್ನಿಂದ ನಮ್ಮ ಬೀದಿಗೆ ಪರಿಚಯದ ಅಂಗಡಿ ಎಷ್ಟಿವೆ ಅಂತ ನನಗೆ ಬಾಯಿಪಾಠ. ಅವರು ಒತ್ತಾಯ ಮಾಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಹೋಗಲೂ ಇಲ್ಲ. ಸ್ಟ್ಯಾಂಡ್ ತೆಗೆದು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು, ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದರು, ಪೆಟ್ರೋಲ್ ಮುಗಿದವರ ಹಾಗೆ. ದಾರಿಯಲ್ಲಿ ಒಬ್ಬರು "ಏನ್ ಸಾರ್, ಕೆಟ್ಟೋಯ್ತಾ?" ಅಂತ ಕೇಳಿದರು. "ಹೂಂ, ಕೆಟ್ಟೋಯ್ತು" ಅಂದರು. ನನಗೆ ನಗು ತಡೆಯೋಕಾಗಲಿಲ್ಲ, ಮಳೆಯಲ್ಲಿ ಯಾರಿಗೂ ಕಾಣಲಿಲ್ಲ ಅಂದುಕೊಂಡಿದ್ದೆ.

ಹೂವಿನವಳಿಗೆ ಕಂಡಿತ್ತು. ಇವಳನ್ನು ನಿಮ್ಮ ಕಾದಂಬರಿಗೆ ಬೇಕಾದರೆ ತೆಗೆದುಕೊಳ್ಳಿ. ಗಂಡ ಇದ್ದಾಗ ದಿನಾ "ಬಾರವ್ವ, ಮಲ್ಲಿಗೆ ಬಂದೈತೆ" ಅಂತ ಕೂಗುತ್ತಿದ್ದವಳು, ಅವರು ಹೋದ ಮೇಲೆ ನಾನು ಎದುರಿಗೆ ಬಂದರೆ ಬುಟ್ಟಿಯೊಳಗೆ ಏನೋ ಹುಡುಕುತ್ತಿದ್ದಳು. ಕೆಟ್ಟವಳಲ್ಲ, ಏನು ಹೇಳಬೇಕೋ ಗೊತ್ತಾಗುತ್ತಿರಲಿಲ್ಲ ಅಷ್ಟೇ. ಆ ಮಳೆಯಾದ ವಾರಕ್ಕೆ ನಾನೇ ಹೋಗಿ "ಒಂದು ಮೊಳ ಕೊಡಿ, ದೇವರಿಗೆ" ಅಂದೆ. ಮೊಳಕೈಯಿಂದ ಅಳೆದಳು, ಕತ್ತರಿಸಲಿಲ್ಲ, ಇನ್ನೂ ಅರ್ಧ ಮೊಳ ಎಳೆದು ಆಮೇಲೆ ಕತ್ತರಿಸಿ, "ಇದು ದೇವರಿಗೆ ಅಲ್ಲ" ಅಂದಳು. ಆ ಅರ್ಧ ಮೊಳ ಎರಡು ದಿನ ಫ್ರಿಜ್ಜಿನಲ್ಲಿ ಸ್ಟೀಲ್ ಡಬ್ಬಿಯಲ್ಲಿತ್ತು. ಮುಡಿಯಲಿಲ್ಲ. ಮೂರನೇ ಸಲ ತಂದಾಗ ಮುಡಿದೆ, ಅದೂ ರೈಲು ಮೈಸೂರಿನ ಅಶೋಕಪುರಂ ದಾಟಿದ ಮೇಲೆ.

ಮದುವೆ ಅಧ್ಯಾಯಕ್ಕೆ ಒಂದು ಸುಳಿವು ಕೊಡುತ್ತೇನೆ. ನಿಮ್ಮ ಜೋಡಿಯದ್ದು ಬೇರೆ ಬೇರೆ ಧರ್ಮ ಆಗಿ, ಇಬ್ಬರೂ ಧರ್ಮ ಬದಲಿಸದಿದ್ದರೆ, ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುತ್ತಾರೆ. ಆಗ ಹೆಸರು, ವಿಳಾಸ ಎಲ್ಲಾ ನೋಂದಣಿ ಕಚೇರಿಯ ನೋಟಿಸ್ ಬೋರ್ಡಿಗೆ ಬೀಳುತ್ತದೆ, ಆಕ್ಷೇಪಣೆಗೆ 30 ದಿನ. ಆಸ್ತಿ ನೋಂದಣಿಗೆ ಬಂದ ಅವಳ ಚಿಕ್ಕಮಾವ ಅಲ್ಲೇ ಕ್ಯೂನಲ್ಲಿ ನಿಂತಿರಲಿ. ವಿಲನ್ ಬೇಕಾಗೋದೇ ಇಲ್ಲ.

ಅತ್ತೆಯನ್ನೂ ದಯವಿಟ್ಟು ರಾಕ್ಷಸಿ ಮಾಡಬೇಡಿ. ಅವರು ಮಗನನ್ನು ಕಳೆದುಕೊಂಡಿದ್ದಾರೆ, ಸೊಸೆಯೂ ಹೋದರೆ ರಾತ್ರಿ ಮಾತ್ರೆ ತೆಗೆದುಕೊಡುವವರು ಯಾರು ಅನ್ನೋ ಲೆಕ್ಕವೂ ಅವರ ತಲೆಯಲ್ಲಿ ಇರುತ್ತದೆ. ನಾನು ಈ ವಿಷಯ ಹೇಳಿದಾಗ ನಮ್ಮತ್ತೆ ಹನ್ನೊಂದು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಆ ರೈಲಿನವರು ಒಂದು ಚಿಪ್ಪು ರಸಬಾಳೆ ತಂದುಕೊಟ್ಟರು. ಈಗ ನಮ್ಮೂರಿನಲ್ಲೇ ಅಸಲಿ ರಸಬಾಳೆ ಸಿಗೋದು ಅಪರೂಪ, ಪನಾಮ ರೋಗ ಬಂದು ತೋಟಗಳೇ ಹೋದವು, ಬೇರೆ ಹಣ್ಣಿಗೆ ಆ ಹೆಸರು ಹೇಳಿ ಮಾರುತ್ತಾರೆ. ಅತ್ತೆ ಒಂದು ಹಣ್ಣು ಸುಲಿದರು, ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ತೆಳ್ಳಗಿದೆ ಅಂತ ನೋಡಿದರು, ತಿಂದರು. "ಅಸಲಿದೇ" ಅಂದರು. "ಎಲ್ಲಿ ಸಿಕ್ತಂತೆ, ಕೇಳು."